ಪೆಂಗ್ವಿನ್ ಕೋಣೆಯ ಕುರ್ಚಿ

ಆ ದಿನದ ಅನಾಹುತಕ್ಕೆ ಮೂಲ, ಕೆಲಸ ಬೇಗ ಮುಗಿದದ್ದು.

ಕಾಲೇಜಿನ ಗಣಕಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಆತನನ್ನು ಎಲ್ಲರೂ 'ಸಿಸ್ಟಮ್ಮಿನವರು' ಎಂದು ಕರೆಯುತ್ತಿದ್ದರು. ಅದೂ ಸಿಸ್ಟಂ ಕೆಟ್ಟಾಗ ಮಾತ್ರ. ಉಳಿದ ಹೊತ್ತಿನಲ್ಲಿ ಆತ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಕೆಟ್ಟುಹೋದ ಮಾನಿಟರುಗಳ ಎದುರು ಒಬ್ಬನೇ ಕುಳಿತು ಊಟದ ಡಬ್ಬಿ ಬಿಚ್ಚುತ್ತಿದ್ದ. ಇವತ್ತು ಏನು ತಂದಿದ್ದೀರಿ ಎಂದು ಅವು ಒಂದು ದಿನವೂ ಕೇಳಿರಲಿಲ್ಲ.

ಅಣುಗಳನ್ನು ಪರದೆಯ ಮೇಲೆ ಬುಗುರಿಯಂತೆ ತಿರುಗಿಸಿ ತೋರಿಸುವ ತಂತ್ರಾಂಶವೊಂದನ್ನು ಮೂರು ಕೋಣೆಗಳಲ್ಲಿ ಹಾಕಬೇಕೆಂದು ಬೆಳಿಗ್ಗೆ ಅಪ್ಪಣೆಯಾಯಿತು. ಮೂರು ಕೋಣೆಗೂ ಮೂರು ಜಾತಿಯ ಯಂತ್ರ: ಕಿಟಕಿ ಗುರುತಿನದು, ಸೇಬಿನ ಗುರುತಿನದು, ಪೆಂಗ್ವಿನ್ ಗುರುತಿನದು.

ಭೌತಶಾಸ್ತ್ರದ ಮೇಷ್ಟ್ರ ಕಿಟಕಿ ಯಂತ್ರ ಸಾಧು ಹಸು. ಕೇಳಿದ್ದಕ್ಕೆಲ್ಲ 'ಮುಂದೆ, ಮುಂದೆ' ಎಂದು ಒತ್ತುವಷ್ಟರಲ್ಲಿ ಅಣು ಕುಣಿಯತೊಡಗಿತು.

"ಆಯ್ತಲ್ಲ? ಥ್ಯಾಂಕ್ಸ್," ಎಂದರು ಮೇಷ್ಟ್ರು, ತಲೆ ಎತ್ತದೆ. "ಹೋಗ್ತಾ ಬಾಗಿಲು ಹಾಕ್ಕೊಳ್ಳಿ."

ಮುಖ್ಯಸ್ಥರ ಸೇಬಿನ ಲ್ಯಾಪ್‌ಟಾಪು ಕೊಂಚ ಬಿಗುಮಾನದ್ದು. ಇದನ್ನು ಮಾಡಿದವರು ಯಾರೋ ತಿಳಿಯದು, ತೆರೆಯಲಾರೆ ಎಂದಿತು.

"ಅದೂ ನನ್ನ ಹಾಗೇ ಕಣ್ರೀ," ಮುಖ್ಯಸ್ಥರು ಬೀಗಿದರು. "ಗುರುತು ಪರಿಚಯ ಇಲ್ಲದೋರನ್ನ ಒಳಗೆ ಬಿಡಲ್ಲ."

ಆತ ಸೆಟ್ಟಿಂಗಿಗೆ ಹೋಗಿ ತಂತ್ರಾಂಶದ ಪರವಾಗಿ ಶಿಫಾರಸು ಮಾಡಿದ. ಬಾಗಿಲು ತೆರೆಯಿತು; ಅಲ್ಲಿಯೂ ಒಂದು ಥ್ಯಾಂಕ್ಸ್. ಹೊಳೆ ದಾಟಿದ ಮೇಲೆ ಅಂಬಿಗನೊಡನೆ ಮಾತೇನು? ಆತ ಮತ್ತೆ ಪಡಸಾಲೆಯಲ್ಲಿದ್ದ.

ಮೂರನೆಯ ಕೋಣೆಯಲ್ಲಿದ್ದವರು ಹೊಸದಾಗಿ ಸೇರಿದ್ದ ಜೀವರಸಾಯನದ ಮೇಡಂ. ಅವರು ಮೊದಲು ಮಾಡಿದ ಕೆಲಸವೆಂದರೆ ಪುಸ್ತಕಗಳನ್ನು ಕೆಳಗಿಟ್ಟು ಒಂದು ಕುರ್ಚಿಯನ್ನು ಖಾಲಿ ಮಾಡಿದ್ದು.

"ಕೂತ್ಕೊಳ್ಳಿ. ನಿಂತ್ಕೊಂಡು ಯಾಕೆ ಒದ್ದಾಡ್ತೀರಿ?"

ಈ ಕಟ್ಟಡದಲ್ಲಿ ಆತನಿಗೆ ಕೂರಲು ಹೇಳಿದವರು ಅವರೇ ಮೊದಲು. ಮೇಲಾಗಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಮುಂದಿಟ್ಟರು. "ವರ್ಷಗಟ್ಟಲೆ ಕಾಗದದ ಮೇಲೇ ನೋಡ್ತಿರೋ ಪ್ರೋಟೀನು. ಒಂದ್ಸಲ ತಿರುಗಿಸಿ ಬೆನ್ನು ನೋಡ್ಬೇಕು ಅಂತ ಆಸೆ. ಎಷ್ಟು ಹೊತ್ತಾಗತ್ತೆ?"

"ಹೇಳಕ್ಕಾಗಲ್ಲ ಮೇಡಂ," ಎಂದ ಆತ, ತುಂಬು ಭರವಸೆಯಿಂದ.

ಪೆಂಗ್ವಿನ್ ಯಂತ್ರ ಆತನ ಭರವಸೆಯನ್ನು ಹುಸಿಮಾಡಲಿಲ್ಲ. ಒಂದು ತಂತ್ರಾಂಶ ಹಾಕಲು ಅದು ಇನ್ನೂ ಹತ್ತು ತುಣುಕು ಕೇಳುತ್ತದೆ; ಆ ತುಣುಕುಗಳದು ಬಿಗುಮಾನದ ನೆಂಟರ ಸ್ವಭಾವ: ಚಿಕ್ಕಪ್ಪ ಬರದೆ ಅಳಿಯ ಎಲೆಯ ಮುಂದೆ ಕೂರುವುದಿಲ್ಲ, ಚಿಕ್ಕಪ್ಪನಿಗೆ ಸೋದರತ್ತೆ ಬರಬೇಕು, ಅತ್ತೆ ಇದ್ದಾಳೆ, ಆದರೆ ಹಳೆಯ ಅತ್ತೆ, ಹೊಸಬಳೇ ಆಗಬೇಕು. ಆತ ಒಬ್ಬೊಬ್ಬರನ್ನೇ ಕರೆತರುತ್ತಿದ್ದರೆ ಮೇಡಂ ಪಕ್ಕದಲ್ಲಿ ಕುಳಿತು ಮಾತಾಡಿಸುತ್ತಿದ್ದರು.

"ಮನೇಲಿ ಯಾರ್ಯಾರಿದಾರೆ?"

"ಒಬ್ಬನೇ ಮೇಡಂ. ಅಕ್ಕ ಇದಾಳೆ, ದೂರದಲ್ಲಿ. ಪಾಸ್‌ವರ್ಡ್ ಮರೆತಾಗ ಫೋನ್ ಮಾಡ್ತಾಳೆ."

ಮೇಡಂ ನಕ್ಕರು. ತನ್ನ ಮಾತಿಗೆ ಯಾರಾದರೂ ನಕ್ಕು ಎಷ್ಟು ಕಾಲವಾಯಿತೆಂದು ಆತನಿಗೆ ನೆನಪಾಗಲಿಲ್ಲ.

ಅವರು ಪಾಠಕ್ಕೆ ಹೋದಾಗ ಕೇಡು ಸಂಭವಿಸಿತು. ನೆಂಟರೆಲ್ಲ ಒಮ್ಮೆಗೇ ಒಪ್ಪಿಕೊಂಡರು. ಪರದೆಯ ಮೇಲೆ ಹಸಿರು ರಿಬ್ಬನ್ನಿನ ಸಿಂಬಿಯಂತೆ ಪ್ರೋಟೀನು ಮೂಡಿ ಮೆಲ್ಲನೆ ತಿರುಗತೊಡಗಿತು. ಇನ್ನು ಆ ಒಂದು ಥ್ಯಾಂಕ್ಸ್, ಆಮೇಲೆ ಪಡಸಾಲೆ.

ಹೊರಗೆ ಚಪ್ಪಲಿಯ ಸದ್ದು ಹತ್ತಿರವಾಗುತ್ತಿತ್ತು. ಒಂದೇ ಒಂದು ಸಣ್ಣ ತುಣುಕನ್ನು ಕಿತ್ತುಬಿಟ್ಟರೆ? ಹುಡುಕಿ ಸೇರಿಸಲು ಸಂಜೆಯವರೆಗೆ ಕೂರಬಹುದು. ಕಿತ್ತುಹಾಕಲು ಯಂತ್ರಕ್ಕೆ ಹೇಳಿದ. ಇದರೊಂದಿಗೆ ಇವರೂ ಹೊರಡುತ್ತಾರೆ, ಸಮ್ಮತವೇ ಎಂದು ಅದು ಉದ್ದನೆಯ ಪಟ್ಟಿ ಹಿಡಿಯಿತು. ಓದದೆ ಒತ್ತಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ ಓದದೆ ಒತ್ತಿದ.

ಒಬ್ಬ ಭಾವನನ್ನು ಎಬ್ಬಿಸಿದ್ದಕ್ಕೆ ಇಡೀ ದಿಬ್ಬಣವೇ ಎದ್ದು ನಡೆಯಿತು. ಚಿತ್ರಗಳು ಹೋದವು, ಬಾಣದ ಗುರುತು ಹೋಯಿತು, ಪ್ರೋಟೀನು ಹೋಯಿತು. ಕಗ್ಗತ್ತಲ ಪರದೆಯಲ್ಲಿ ಒಂದು ಬಿಳಿ ಗೆರೆ ಮಾತ್ರ ಮಿಣಕ್ ಮಿಣಕ್ ಎನ್ನುತ್ತಿತ್ತು.

"ಏನಾಯ್ತು?" ಮೇಡಂ ಬಾಗಿಲಲ್ಲೇ ನಿಂತರು. "ನನ್ನ ಫೈಲುಗಳು?"

"ಇದಾವೆ ಮೇಡಂ. ಕಾಣಿಸ್ತಿಲ್ಲ, ಅಷ್ಟೆ."

"ದೇವರ ಬಗ್ಗೇನೂ ಹಾಗೇ ಹೇಳ್ತಾರೆ," ಎಂದರು ಅವರು. ಈ ಸಲ ನಗಲಿಲ್ಲ.

ಸುದ್ದಿಗೆ ಕಾಲು ಬೇಕೇ? ಮೊದಲು ಬಂದವರು ಉಗ್ರಾಣದ ಸಾಹೇಬರು. "ಪ್ಲಗ್ ಕಿತ್ತು ಹಾಕಿ ನೋಡಿದ್ರಾ? ನಮ್ಮನೆ ಫ್ರಿಜ್ಜು ಹಾಗೇ ಸರಿಹೋಯ್ತು."

"ಹಾರೋಕೇ ಬರದ ಹಕ್ಕಿ," ಭೌತಶಾಸ್ತ್ರದ ಮೇಷ್ಟ್ರು ತಲೆಯಾಡಿಸಿದರು. "ಅದನ್ನ ಕಟ್ಕೊಂಡು ಸಂಸಾರ ಮಾಡಕ್ಕಾಗತ್ತಾ?"

"ನಾನು ಅವತ್ತೇ ಹೇಳಿದ್ದೆ," ಎಂದರು ಮುಖ್ಯಸ್ಥರು. ಅವರು ಯಾವತ್ತೂ ಏನೂ ಹೇಳಿರಲಿಲ್ಲ.

ಆತ ನೀರಿಗೆ ಬಿದ್ದ ಕೋಳಿಯಂತೆ ತೊಯ್ದಿದ್ದ. ಆದರೂ, ಬೆವರಿನ ನಡುವೆಯೇ, ಇಷ್ಟು ಜನ ಒಮ್ಮೆಗೇ ತನ್ನ ಸುತ್ತ ನಿಂತದ್ದು ಇದೇ ಮೊದಲು ಎಂಬ ಅರಿವು ಆತನನ್ನು ಮೆಲ್ಲನೆ ಬೆಚ್ಚಗಾಗಿಸಿತು. ಜನ ಚದುರಿದ ಮೇಲೆ ಮೇಡಂ ತಮ್ಮ ಡಬ್ಬಿಯ ಮುಚ್ಚಳದಲ್ಲಿ ಅರ್ಧ ಊಟ ತೆಗೆದು ಮುಂದಿಟ್ಟರು. "ಮೊದಲು ತಿನ್ನಿ. ಹಸಿದ ತಲೆಗೆ ಏನೂ ಹೊಳೆಯಲ್ಲ." ಆತ ಕತ್ತಲ ಪರದೆಯ ಮುಂದೆ ತಲೆ ತಗ್ಗಿಸಿ ತಿಂದ. ಅಂಥ ರುಚಿಯ ಊಟವೂ ಅಂಥ ನಾಚಿಕೆಯ ಊಟವೂ ಆತನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಮಧ್ಯಾಹ್ನವೆಲ್ಲ ಮುನಿಸಿಕೊಂಡ ನೆಂಟರನ್ನು ಒಬ್ಬೊಬ್ಬರಾಗಿ ಕಾಲುಹಿಡಿದು ಕರೆತಂದದ್ದಾಯಿತು. ಸಂಜೆಯ ಬಿಸಿಲು ಮೇಜಿನ ಅಂಚಿಗೆ ಜಾರುವ ಹೊತ್ತಿಗೆ ಬಾಣ ಬಂತು, ಚಿತ್ರಗಳು ಬಂದವು, ಕೊನೆಗೆ ಪ್ರೋಟೀನೂ ಬಂತು. ಆತ ಮನಸ್ಸಿನಲ್ಲೇ ತಾಲೀಮು ಮಾಡಿಕೊಂಡಿದ್ದ ಮಾತನ್ನು ಹೊರಗೆ ತಂದ.

"ಇನ್ನೂ ಪೂರ್ತಿ ನಂಬೋ ಹಾಗಿಲ್ಲ ಮೇಡಂ. ನಾಳೆ ಒಂದ್ಸಲ ಬಂದು ನೋಡ್ತೀನಿ. ಬೇಕಾದ್ರೆ ನಾಡಿದ್ದೂನೂ."

"ಬೇಡ ಬೇಡ. ನಿಮಗೊಂದು ಒಳ್ಳೇ ಸುದ್ದಿ ಇದೆ." ಮೇಡಂ ತಮ್ಮ ಫೋನನ್ನು ಆತನತ್ತ ತಿರುಗಿಸಿದರು. ಅಂಗೈಯಗಲದ ಗಾಜಿನಲ್ಲಿ ಅದೇ ಹಸಿರು ಪ್ರೋಟೀನು ಅವರ ಬೆರಳಿಗೆ ತಕ್ಕಂತೆ ತಿರುಗುತ್ತಿತ್ತು. "ಊಟ ಆದ್ಮೇಲೆ ಹುಡುಕ್ದೆ. ಇದು ಬ್ರೌಸರಲ್ಲೇ ತೆರೆಯತ್ತೆ. ಕಿಟಕಿ, ಸೇಬು, ಪೆಂಗ್ವಿನ್, ಯಾವುದಾದ್ರೂ ಸರಿ, ಏನೂ ಹಾಕೋದೇ ಬೇಡ. ನೀವು ಅಷ್ಟು ಕಷ್ಟ ಪಡ್ತಿದ್ರಿ, ಆಗಲೇ ಹೇಳಿದ್ರೆ ಬೇಜಾರು ಮಾಡ್ಕೋತೀರಿ ಅಂತ ಸುಮ್ನಿದ್ದೆ."

ಆತ ಪರದೆಯನ್ನೂ ಫೋನನ್ನೂ ನೋಡಿದ. ಫೋನಿನದೇ ಚೆನ್ನಾಗಿತ್ತು.

"ಸಿಬ್ಬಂದಿ ಗುಂಪಿಗೂ ಲಿಂಕ್ ಹಾಕ್ಬಿಟ್ಟೆ. ಇನ್ಮೇಲೆ ಇದಕ್ಕೋಸ್ಕರ ಯಾರೂ ನಿಮ್ಮನ್ನ ಕರೆದು ಗೋಳು ಹುಯ್ಕೊಳ್ಳಲ್ಲ."

ಪಡಸಾಲೆಯ ಆಚೆಯಿಂದ "ನಂಗೂ ಬಂತು", "ನಂದೂ ತಿರುಗ್ತಿದೆ" ಎಂಬ ನಗೆಮಾತುಗಳು ಕೇಳಿಬಂದವು. ಆತ ಜೇಬಿನಿಂದ ತನ್ನ ಫೋನು ತೆಗೆದು ನೋಡಿದ. ಅದು ತಣ್ಣಗಿತ್ತು.

"ಆ ಗುಂಪಲ್ಲಿ ನಾನಿಲ್ಲ ಮೇಡಂ."

"ನಿಮಗ್ಯಾಕೆ ಅದು?" ಮೇಡಂ ಚೀಲವನ್ನು ಹೆಗಲಿಗೇರಿಸುತ್ತ ಅಕ್ಕರೆಯಿಂದಲೇ ಹೇಳಿದರು. "ಇಡೀ ದಿನ ನೀವು ಅದನ್ನೇ ನೋಡಿದೀರಲ್ಲ."