ತವನಪ್ಪನವರ ಮೇಜಿನ ಆರು ತೂತುಗಳು

ಖಾನಾಪುರದಲ್ಲಿ ಅಂತರರಾಷ್ಟ್ರೀಯ ಕ್ಯಾರಮ್ ಬಿಲಿಯರ್ಡ್ಸ್ ಪಂದ್ಯಾವಳಿಯು ಯಶಸ್ವಿಯಾಗಿ ಜರುಗಿತು. ಅದು ಯಶಸ್ವಿಯಾಗಿ ಜರುಗಿದೆ ಎಂಬ ಠರಾವನ್ನು ಸಂಘಟನಾ ಸಮಿತಿ ತಿಂಗಳ ಮುಂಚೆಯೇ ಪಾಸು ಮಾಡಿತ್ತು. ಬೆಳಗಾವಿ ಬಿಟ್ಟು ಖಾನಾಪುರವನ್ನು ಆರಿಸಲು ಕಾರಣ, ಸಮಿತಿಯ ಅಧ್ಯಕ್ಷ ಬಾಳಕೃಷ್ಣ ಸಾಹೇಬರ ಭಾವಮೈದುನನ ಮಂಗಲ ಕಾರ್ಯಾಲಯ ಅಲ್ಲಿತ್ತು, ಮತ್ತು ಆಗ ಮದುವೆಯ ಮುಹೂರ್ತಗಳಿರಲಿಲ್ಲ.

ಮೇಜೊಂದು ಇರಲಿಲ್ಲ, ಅಷ್ಟೇ. ಅದಕ್ಕಾಗಿ ಸಮಿತಿಯು ಬೆಳಗಾವಿಯ ಖಾಸಬಾಗದ ಅರಿವೆ ವ್ಯಾಪಾರಿ ತವನಪ್ಪನವರ ಮನೆಗೆ ದಯಮಾಡಿಸಿತು. ಮಿಲಿಟರಿ ಕ್ಯಾಂಪಿನ ಹಳೆಯ ಬಂಗಲೆಯೊಂದರ ಹರಾಜಿನಲ್ಲಿ ಅವರ ತಂದೆ ಕೊಂಡ ಮೇಜು ಅದು. ಈ ಆಟಕ್ಕೆ ಮೂರೇ ಚೆಂಡು. ಹೊಡೆದ ಚೆಂಡು ಉಳಿದೆರಡನ್ನೂ ಮುಟ್ಟಿದರೆ ಒಂದು ಅಂಕ. ಮೇಜಿಗೆ ತೂತು ಇರುವುದಿಲ್ಲ. ಹೊತ್ತು ಮುಳುಗುವ ಮುಂಚೆ ಉಂಡು, ಆಮೇಲೆ ಒಬ್ಬರೇ ಅದರ ಮುಂದೆ ನಿಂತು ಆಡುವುದು ತವನಪ್ಪನವರ ನೇಮ.

"ಕೊಡಬ್ಯಾಡ್ರಿ, ನಿಮ್ಮ ಜೀವಾನ ಅದರಾಗ ಐತಿ," ಎಂದರು ಹೆಂಡತಿ ಚಂಪಾಬಾಯಿ.

"ಒಂದು ಗೀರೂ ಬೀಳದಂಗ ತಂದು ಕೊಡತೇವ್ರಿ," ಎಂದರು ಬಾಳಕೃಷ್ಣ ಸಾಹೇಬರು.

ಬೆಲ್ಜಿಯಂ, ಟರ್ಕಿ, ವಿಯೆಟ್ನಾಂನವರು ತಮ್ಮ ಮೇಜಿನ ಮೇಲೆ ಆಡುತ್ತಾರೆಂಬ ಆಸೆಗೆ ತವನಪ್ಪನವರು ಹೂಂ ಅಂದುಬಿಟ್ಟರು.

ಮೇಜು ಖಾನಾಪುರ ಸೇರಿತು. ಪಂದ್ಯಕ್ಕೆ ಮೊದಲು, ಅನುದಾನ ಕೊಟ್ಟ ಸರ್ಕಾರದ ತಪಾಸಣಾಧಿಕಾರಿ ಬಂಡೆಪ್ಪನವರು ಮೇಜಿನ ಕೆಳಗೆ ಬಗ್ಗಿ ನೋಡಿ ಎದ್ದರು.

"ತೂತು ಎಲ್ಲಿ ಅದಾವ್ರಿ?"

"ಇದಕ್ಕ ತೂತು ಇರಂಗಿಲ್ರಿ ಸಾಹೇಬ್ರ. ಆಟಾನ ಹಂಗ ಐತಿ," ಎಂದರು ಮೇಜಿನ ಜೊತೆಗೇ ಬಂದಿದ್ದ ತವನಪ್ಪನವರು.

"ಮತ್ತ ಚೆಂಡು ಎಲ್ಲಿ ಹೋಗಬೇಕು?"

"ಎಲ್ಲೂ ಹೋಗಬಾರದ್ರಿ."

"ಎಲ್ಲೂ ಹೋಗದ ಚೆಂಡಿನ ಸಲುವಾಗಿ ಸರ್ಕಾರ ಯಾಕ ಖರ್ಚು ಮಾಡಬೇಕು?"

ಸಂಜೆಯೊಳಗೆ ಆದೇಶ ಹೊರಬಿತ್ತು: "ಸದರಿ ಮೇಜಿನಲ್ಲಿ ರಂಧ್ರಗಳು ಕಂಡುಬಾರದ ಕಾರಣ ಕಾಮಗಾರಿಯನ್ನು ಅಪೂರ್ಣವೆಂದು ಪರಿಗಣಿಸಿ, ಮೂಲ ಸ್ವರೂಪಕ್ಕೆ ಧಕ್ಕೆಯಾಗದಂತೆ ಆರು ರಂಧ್ರಗಳನ್ನು ಕೊರೆಯತಕ್ಕದ್ದು." ಗುತ್ತಿಗೆ ಭಾವಮೈದುನನಿಗೇ ಸಿಕ್ಕಿತು, ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ, ಯಾಕೆಂದರೆ ಬೇರೆ ಯಾರಿಗೂ ತಿಳಿಸಿರಲಿಲ್ಲ. ಚೆಂಡು ಹಿಡಿಯಲು ತೂತಿನ ಕೆಳಗೆ ಖಾನಾಪುರದ ಮಣ್ಣಿನ ಕುಡಿಕೆ ಕಟ್ಟಿದರು. ಸ್ಥಳೀಯ ಕಸುಬಿಗೆ ಪ್ರೋತ್ಸಾಹ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಯಿತು. ಮೇಜಿನ ಬಟ್ಟೆಯಡಿಯ ಹಾಸುಗಲ್ಲು ಕೊರೆಯುವ ಸದ್ದಿಗೆ ತವನಪ್ಪನವರು ಹೊರಗೆ ಚಪ್ಪರದಡಿ ಕುಳಿತು ಕಣ್ಣೊರೆಸಿಕೊಂಡರು.

ಉದ್ಘಾಟನೆಯ ದಿನ ಹೊಸ ನಿಯಮವನ್ನು ಧ್ವನಿವರ್ಧಕದಲ್ಲಿ ಸಾರಲಾಯಿತು: "ಕುಡಿಕೆಗೆ ಬಿದ್ದ ಚೆಂಡು ಸಮಿತಿಯ ಸ್ವತ್ತು. ವಾಪಸು ಬೇಕಾದವರು ಕಚೇರಿ ವೇಳೆಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು." ಬೆಲ್ಜಿಯಂನವನ ಮೊದಲ ಹೊಡೆತಕ್ಕೆ ಚೆಂಡು ಎರಡನ್ನೂ ಚೆಂದಾಗಿ ಮುಟ್ಟಿ, ಸೀದಾ ಕುಡಿಕೆ ಸೇರಿತು. ಊಟದ ಹೊತ್ತಿಗೆ ಮೂರೂ ಚೆಂಡು ಒಳಗೆ. ಅಂದು ಎರಡನೇ ಶನಿವಾರ, ಕಚೇರಿಗೆ ರಜೆ. ಆದ್ದರಿಂದ ಬಂದವರೆಲ್ಲರನ್ನೂ ಪ್ರಥಮ ಎಂದು ಘೋಷಿಸಲಾಯಿತು. ವಿದೇಶಿಯರು ಮೊದಲು ಮುಖ ಮುಖ ನೋಡಿಕೊಂಡರು. ಕುಂದಾ ಬಡಿಸಿದ ಮೇಲೆ, ಇದು ಇಲ್ಲಿಯ ಪದ್ಧತಿ ಇದ್ದೀತು ಎಂದು ಒಪ್ಪಿ ಪದಕ ಹಾಕಿಸಿಕೊಂಡು ಹೋದರು.

ಮುಂದಿನ ವಾರ ಮೇಜು ಖಾಸಬಾಗಕ್ಕೆ ಮರಳಿತು, ಕುಡಿಕೆಗಳ ಮತ್ತು ಅರ್ಜಿ ಕೊಟ್ಟು ಬಿಡಿಸಿಕೊಂಡ ಚೆಂಡುಗಳ ಸಮೇತ.

"ಗೀರು ಬಿದ್ದೈತೇನ್ರಿ?" ಎಂದು ಬಾಳಕೃಷ್ಣ ಸಾಹೇಬರು ಕೇಳಿದರು.

ತವನಪ್ಪನವರು ಸುತ್ತ ಬಂದು ಹುಡುಕಿದರು. "ಇಲ್ರಿ."

"ಮತ್ತ?"

ತವನಪ್ಪನವರು ಮೇಜು ಮುಟ್ಟಿದ ರಸೀದಿಗೆ ಸಹಿ ಹಾಕಿದರು. ನೋಡಲು ಬಂದ ಓಣಿಯವರು, ಈಗ ಖರೇ ಮೇಜು ಆತು ಎಂದು ಮೆಚ್ಚಿಕೊಂಡು ಚಹಾ ಕುಡಿದು ಹೋದರು.

ಮರುದಿನ ಉಂಡ ಮೇಲೆ ತವನಪ್ಪನವರು ಕೋಲು ಹಿಡಿದರು. ಚೆಂಡು ಎರಡನ್ನೂ ಮುಟ್ಟಿ ಕುಡಿಕೆಗೆ ಬಿತ್ತು. ತೆಗೆಯಲು ಕೈ ಹಾಕಿದವರು ಅಲ್ಲೇ ತಡೆದು ನಿಂತರು.

"ತಕ್ಕೋರಿ, ನಮ್ದ ಚೆಂಡು," ಎಂದರು ಚಂಪಾಬಾಯಿ.

"ಇವತ್ತು ರವಿವಾರ ಐತಲ್ಲ," ಎಂದು ತವನಪ್ಪನವರು ದೀಪ ಆರಿಸಿದರು.