ಕೆಂಪಣ್ಣನವರ ಹೆಸರಿನ ಹೊಳಪು

ಯಾವುದನ್ನೂ ಒಂದೇ ಪ್ರತಿಯಲ್ಲಿ ನಂಬುವ ಧೈರ್ಯ ನನಗೆ ಮೊದಲಿನಿಂದಲೂ ಇಲ್ಲ. ಹೊಸಕೋಟೆಯಿಂದ ಬೆಂಗಳೂರಿಗೆ ಬಸ್ಸು ಹತ್ತಿದರೆ ಜೇಬಿನಲ್ಲಿ ಆಧಾರ್ ಕಾರ್ಡಿನ ಮೂರು ಜೆರಾಕ್ಸ್ ಇರುತ್ತವೆ. ಬಸ್ಸಿನಲ್ಲಿ ಗಂಡಸರ ಆಧಾರನ್ನು ಇದುವರೆಗೆ ಯಾರೂ ಕೇಳಿಲ್ಲ. ಮನೆಗೆ ಬೀಗ ಹಾಕಿ ಎಳೆದು ನೋಡುತ್ತೇನೆ, ಗೇಟಿನವರೆಗೆ ಹೋದವನು ವಾಪಸ್ ಬಂದು ಮತ್ತೆ ಎಳೆಯುತ್ತೇನೆ. ಆ ಬೀಗ ಕಳ್ಳರ ಕೈಯಲ್ಲಿ ಹಾಳಾಗುವುದಿಲ್ಲ, ನಿಮ್ಮ ಕೈಯಲ್ಲೇ ಕಿತ್ತು ಬರುತ್ತದೆ ಎಂದು ಹೆಂಡತಿಯ ಭವಿಷ್ಯ.

ಇಂಥವನ ಕೈಗೆ ದೇವರು ಮೋಷನ್ ಗ್ರಾಫಿಕ್ಸ್ ಸಾಫ್ಟ್‌ವೇರ್ ಕೊಡಬಾರದಿತ್ತು. ನನ್ನ ಫೋಟೋ ಸ್ಟುಡಿಯೋಗೆ ಪಾಸ್‌ಪೋರ್ಟ್ ಸೈಜಿನವರೂ ಬರುವುದು ಕಡಿಮೆಯಾದ ಮೇಲೆ, ಮೊಬೈಲಿಗೆ ಕಳಿಸುವ ಲಗ್ನಪತ್ರಿಕೆಯ ವಿಡಿಯೋ ಮಾಡುವುದನ್ನು ಐವತ್ತರ ಹತ್ತಿರ ಕಲಿತೆ. ಅದರಲ್ಲಿ ಗಣಪತಿ, ಹೂವು, ಒಂದೊಂದು ಹೆಸರು ಎಲ್ಲವೂ ಬೇರೆ ಬೇರೆ ಲೇಯರ್. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ. ಎರಡು ಕೀ ಒಟ್ಟಿಗೆ ಒತ್ತಿದರೆ ಸಾಕು, ಬೇಕಾದ ಲೇಯರಿನ ನಕಲು ಹುಟ್ಟಿ ಮೂಲದ ಮೇಲೆ ಅಚ್ಚುಕಟ್ಟಾಗಿ ಕೂತುಬಿಡುತ್ತದೆ. ಇದು ಗೊತ್ತಾದ ದಿನ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ. ನಕಲು ಮಾಡಿದ ಮೇಲೆ ಒಂದನ್ನು ಮರೆಮಾಡಬೇಕು ಎಂದೂ ಪಾಠದಲ್ಲಿ ಹೇಳಿದ್ದರಂತೆ. ಆ ಹೊತ್ತಿಗೆ ಬಹುಶಃ ಬೀಗ ನೋಡಲು ಎದ್ದು ಹೋಗಿದ್ದೆ.

ಕಳೆದ ತಿಂಗಳು ಅನುಗೊಂಡನಹಳ್ಳಿ ಕಡೆಯ ಮುನಿರಾಜು ತಮ್ಮ ಮಗಳ ಮದುವೆಗೆ ಇಂಥದೊಂದು ವಿಡಿಯೋ ಮಾಡಿಸಿದರು. ಸುಖಾಗಮನ ಬಯಸುವವರ ಸಾಲಿನಲ್ಲಿ ಅವರ ಅಣ್ಣ ನಂಜಪ್ಪ, ತಮ್ಮ ಕೆಂಪಣ್ಣ; ಇಬ್ಬರ ಹೆಸರಿಗೂ ಒಂದೇ ಬಣ್ಣ, ಸುತ್ತ ತೆಳುವಾದ ಒಂದು ಹೊಳಪು. ವಿಡಿಯೋ ಕಳಿಸಿದ ಮರುದಿನವೇ ಮುನಿರಾಜು ಬಂದು ಸ್ಟುಡಿಯೋದ ಕುರ್ಚಿಯಲ್ಲಿ ಕುಸಿದರು. ತಮ್ಮನ ಹೆಸರು ಫಳಫಳ, ತನ್ನದು ಮಂಕು, ಇದು ಬೇಕೆಂದೇ ಮಾಡಿಸಿದ್ದು ಎಂದು ಅಣ್ಣ ಮುನಿಸಿಕೊಂಡಿದ್ದರಂತೆ. ಚಪ್ಪರದ ಮೊದಲ ಕಂಬ ನೆಡಬೇಕಾದ ಹಿರಿಯರೇ ಅವರು. ಮದುವೆಗೇ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದರು.

ನಾನು ಹೆದರಬೇಕಿತ್ತು. ಯಾಕೋ ಆವತ್ತು ಹೆದರಿಕೆಗಿಂತ ಕುತೂಹಲವೇ ಮುಂದೆ ಬಂತು. ಅದೇ ಅಕ್ಷರ, ಅದೇ ಬಣ್ಣ, ಹೊಳಪು ಮಾತ್ರ ಹೇಗೆ ಹೆಚ್ಚಾಯಿತು? ಲೇಯರುಗಳ ಪಟ್ಟಿಯಲ್ಲಿ ಇಳಿಯುತ್ತಾ ಹೋದರೆ, ಅಲ್ಲಿ ನಾಲ್ಕು ಜನ ಕೆಂಪಣ್ಣಂದಿರು ಒಬ್ಬರ ಮೇಲೊಬ್ಬರು ಮಲಗಿದ್ದರು. ಆಗ ನೆನಪಾಯಿತು. ಕೆಂಪಣ್ಣ ಮೂರು ಸಲ ಫೋನ್ ಮಾಡಿ ತಮ್ಮ ಇನಿಷಿಯಲ್ ಸರಿಯಾಗಿದೆಯೇ ನೋಡಲು ಹೇಳಿದ್ದರು. ಪ್ರತಿ ಸಲವೂ, ಬರೀ ನೋಡುವುದಕ್ಕೆ ಮುಂಚೆ, ಕೈ ತಾಗಿ ಅಳಿಸಿಹೋದರೆ ಎಂದು ಒಂದೊಂದು ನಕಲು ಮಾಡಿಟ್ಟಿದ್ದೆ. ನಾಲ್ಕು ತೆಳು ಹೊಳಪು ಸೇರಿ ಒಂದು ದೀಪವಾಗಿತ್ತು. ನಂಜಪ್ಪ ಪಾಪ, ಒಂದು ಸಲವೂ ಫೋನ್ ಮಾಡದ ಮನುಷ್ಯ.

ಮೂರನ್ನು ಅಳಿಸಿಬಿಡುತ್ತೇನೆ ಎಂದೆ. ಮುನಿರಾಜು ನನ್ನ ಕೈ ಹಿಡಿದುಕೊಂಡರು. “ಬ್ಯಾಡ ಸ್ವಾಮಿ. ಕೆಂಪ ಆಗ್ಲೇ ಊರಿಗೆಲ್ಲ ತೋರ್ಸ್‌ಬಿಟ್ಟವ್ನೆ. ಈಗ ಮಂಕು ಮಾಡುದ್ರೆ ಅವನೂ ಬರಾಕಿಲ್ಲ. ಅಣ್ಣಂದೂ ನಾಲ್ಕು ಮಾಡ್ಬಿಡಿ.”

ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿ, ಸ್ಪೀಕರಿನಲ್ಲಿಟ್ಟು, ವಿಷಯ ತಿಳಿಸಿದರು. ಆ ಕಡೆಯಿಂದ ನಂಜಪ್ಪನವರ ದನಿ ನಿಧಾನವಾಗಿ ಬಂತು. “ಹಿರೀಕ ನಾನು ಕಣಪ್ಪಾ. ಇಬ್ರಿಗೂ ಸಮ ಅಂದ್ರೆ ಹೆಂಗೆ? ನಂದು ಒಂದು ಹೆಚ್ಗೆ ಇರ್ಲಿ.”

ಐದು ಮಾಡಿದೆ. ಕಂಬ ನೆಡಲು ಒಪ್ಪಿದರು. ನಾಲ್ಕಕ್ಕೂ ಐದಕ್ಕೂ ಇರುವ ವ್ಯತ್ಯಾಸ ಕೆಂಪಣ್ಣನವರ ಕಣ್ಣಿಗೆ ಬೀಳಲಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಅವರ ಹೆಸರೊಂದೇ ಎಂದು ಕಾಣುತ್ತದೆ. ಸಂಜೆ ಮದುಮಗಳೇ ಫೋನ್ ಮಾಡಿದಳು. “ಅಂಕಲ್, ದೊಡ್ಡಪ್ಪಂದು, ಚಿಕ್ಕಪ್ಪಂದು ಸೂಪರ್ ಆಗಿದೆ. ಅದ್ರ ಮುಂದೆ ನಮ್ಮಿಬ್ರ ಹೆಸ್ರು ಕಾಣ್ತಾನೇ ಇಲ್ಲ. ಮದ್ವೆ ನಮ್ದೇ ತಾನೆ?”

ಅವರಿಬ್ಬರಿಗೂ ಆರಾರು ಮಾಡಿ ಕಳಿಸಿದೆ. ಜನಕ್ಕೆ ತಮ್ಮ ಹೆಸರಿನ ಮೇಲೆ ಅದೆಷ್ಟು ವ್ಯಾಮೋಹ ನೋಡು ಎಂದು ಹೆಂಡತಿಯ ಮುಂದೆ ಹೇಳಿ ನಕ್ಕೆ. ಅವಳು ನಗಲಿಲ್ಲ, ವಿಡಿಯೋದ ಕೊನೆಯಲ್ಲಿ ನಿಮ್ಮ ಸ್ಟುಡಿಯೋ ಹೆಸರು ಕಣ್ಣು ಕುಕ್ಕುತ್ತದಲ್ಲ, ಅದಕ್ಕೆಷ್ಟು ಎಂದು ಕೇಳಿದಳು. ನನಗೂ ಕುತೂಹಲವಾಯಿತು. ಎಣಿಸಿದೆ. ಒಂಬತ್ತು. ಹೆಸರಿನ ಜೊತೆಗಿದ್ದ ಫೋನ್ ನಂಬರ್ ಸರಿಯಾಗಿದೆಯೇ ನೋಡಲು ನನಗೆ ಯಾರೂ ಹೇಳಿರಲಿಲ್ಲ. ನಾನೇ ಎಂಟು ಸಲ ನೋಡಿದ್ದೆ. ಲಗ್ನಪತ್ರಿಕೆಯನ್ನು ಕೊನೆಯವರೆಗೆ ಯಾರೂ ನೋಡುವುದಿಲ್ಲವಾದ್ದರಿಂದ ಬಚಾವಾಗಿದ್ದೆ.

ನಾಚಿಕೆಯಾಗಿ, ಎಂಟನ್ನು ಆಗಲೇ ಅಳಿಸಲು ಕೂತೆ. ಅಳಿಸುವ ಮೊದಲು, ಯಾವುದಕ್ಕೂ ಇರಲಿ ಎಂದು, ಇನ್ನೊಂದು ನಕಲು ಮಾಡಿಕೊಂಡೆ.