ಮೊದಲು ನಗು, ಆಮೇಲೆ ಜೋಕು

ವಡಗಾವಿಯ ವ್ಯಾಪಾರಿ ಸನ್ಮತಿ ತನ್ನ ಮಗಳು ಶರ್ವರಿಗೆ ಪಾಯಪ್ಪನನ್ನು ಬೇಡವೆಂದದ್ದಕ್ಕೆ ಕೊಟ್ಟ ಕಾರಣ ಒಂದೇ: ಹುಡುಗ ನಗುವುದಿಲ್ಲ.

ಹುಡುಗನಿಗೆ ಮೂವತ್ತೊಂಬತ್ತು. ಮಚ್ಛೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಖಾನಾಪುರದಲ್ಲಿ ಒಂದು ಬಾಡಿಗೆ ಕೋಣೆ. ಹೆಣ್ಣು ನೋಡಲು ಹೋದಾಗ ಅವಲಕ್ಕಿ ತಿಂದ, ನೀರು ಕುಡಿದ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ನಗುವುದೊಂದು ನೆನಪಾಗಲಿಲ್ಲ. ಒಬ್ಬನೇ ಇರುವ ಕೋಣೆಯಲ್ಲಿ ನಗುವುದೆಂದರೆ ಒಬ್ಬನೇ ಕೇರಂ ಆಡಿದ ಹಾಗೆ. ಹದಿನಾಲ್ಕು ವರ್ಷಗಳಲ್ಲಿ ಆ ಆಟವೇ ಅವನಿಗೆ ಮರೆತುಹೋಗಿತ್ತು.

ಸಂಬಂಧ ತಂದವಳು ಮನೆ ಮಾಲಕಿ ಅಕ್ಕಾತಾಯಿ. ಸೋತು ಕೂರುವ ಹೆಂಗಸಲ್ಲ.

“ಬೆಳಗಾವಿಗೆ ಟೀವಿಯವರು ಬಂದಾರಪಾ. ಮಂತ್ರಿಗಳ್ನ ಚಾಷ್ಟಿ ಮಾಡ್ತಾರಲ್ಲ, ಆ ಕಾಮಿಡಿ ಶೋ. ಸನ್ಮತಿ ಮನ್ಯಾಗ ಊಟಾ ಬಿಟ್ಟಾರು, ಅದನ್ನ ಬಿಡಂಗಿಲ್ಲ. ನೀ ಅದರಾಗ ನಕ್ಕೋತ ಕುಂತದ್ದು ಶರ್ವರಿ ಒಮ್ಮಿ ನೋಡಿದ್ಲಂದ್ರ ಮುಗೀತು. ಪಾಸ್ ತಂದೀನಿ.”

“ನಗಿ ಬರಲಿಲ್ಲಂದ್ರ, ಕಾಕೂ?”

“ಎಲ್ಲಾರೂ ನಗೂವಾಗ ನಿನಗೇನ್ ಧಾಡಿ? ದಾರ್‍ಯಾಗ ಪ್ರಾಕ್ಟೀಸ್ ಮಾಡು.”

ರವಿವಾರ ಮುಂಜಾನೆ ಪಾಯಪ್ಪ ಬಸ್ಸಿನ ಕಿಟಕಿಯ ಗಾಜಿನಲ್ಲಿ ತನ್ನನ್ನೇ ನೋಡುತ್ತ ತುಟಿ ಅಗಲಿಸಿದ. ಮಚ್ಛೆ ದಾಟುವಾಗ ಮೇಲಿನ ಹಲ್ಲುಗಳು ಹೊರಬಂದವು. ಪೀರನವಾಡಿಯ ಹೊತ್ತಿಗೆ ಕೆಳಗಿನವೂ. ಬಾಜುವಿನ ಮುದುಕಿ ಬಹಳ ಹೊತ್ತು ತಡೆದುಕೊಂಡು ಕೊನೆಗೆ ಕೇಳಿದಳು:

“ಹಲ್ಲು ಭಾಳ ಬ್ಯಾನಿ ಆಗಾಕತ್ತಾವೇನೋ ಯಪ್ಪಾ?”

“ಇಲ್ರೀ ಆಯಿ, ನಗಾಕತ್ತೀನಿ.”

ಅವಳು ಕರುಣೆಯಿಂದ ನೋಡಿ, ಚೀಲದಿಂದ ಲವಂಗ ತೆಗೆದು ಅವನ ಅಂಗೈಗಿಟ್ಟಳು. “ಇರಲಿ, ದವಡ್ಯಾಗ ಹಿಡಕೋ.”

ಸಭಾಂಗಣದಲ್ಲಿ ಮುನ್ನೂರು ಜನ. ಎಲ್ಲರೂ ಜೋಡಿಯಾಗಿ, ಗುಂಪಾಗಿ ಬಂದಿದ್ದರು. ಬೆಂಗಳೂರಿನಿಂದ ಬಂದಿದ್ದ ಚೇತನ ಎಂಬಾತನದು ಅಲ್ಲಿಯ ಉಸ್ತುವಾರಿ. ಅವನು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ವೇದಿಕೆಗೆ ಬಂದ.

“ಮೊದಲು ನಿಮ್ಮ ನಗು ಶೂಟ್ ಮಾಡ್ಕೋತೀವಿ, ಜೋಕು ಆಮೇಲೆ. ಎಡಿಟಿಂಗಲ್ಲಿ ಎಲ್ಲ ಕೂಡಿಸ್ತೀವಿ. ಒನ್, ಟೂ, ತ್ರೀ, ನಗಿ!”

ಮುನ್ನೂರು ಜನ ನಕ್ಕರು. ಏನೂ ಇಲ್ಲದ್ದಕ್ಕೆ, ತೊಡೆ ತಟ್ಟಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು. ಪಾಯಪ್ಪನ ಎಡಕ್ಕೆ ಹೆಂಡತಿಯೊಬ್ಬಳು ಗಂಡನ ಭುಜಕ್ಕೆ ತಲೆಯಿಟ್ಟು ನಗುತ್ತಿದ್ದಳು. ಬಲಕ್ಕೆ ಅಕ್ಕತಂಗಿಯರು. ಬೀಳಲು ಅವನಿಗೆ ಯಾರ ಭುಜವೂ ಇರಲಿಲ್ಲ. ಬಾಯಿ ತೆರೆದ, ಗೋದಾಮಿನ ಶಟರ್ ಅರ್ಧಕ್ಕೆ ಸಿಕ್ಕಿಕೊಂಡಂತಾಯಿತು.

“ನೀಲಿ ಶರ್ಟ್ ಸರ್! ನಗಿ!”

“ನಕ್ಕೇನ್ರೀ.”

“ಯಾವಾಗ ಸರ್?”

ಇದಕ್ಕೆ ಜನ ನಿಜವಾಗಿಯೇ ನಕ್ಕರು. ಪಾಯಪ್ಪನ ಮುಖ ಇಳಿಯಿತು. ವೇದಿಕೆಯ ದೊಡ್ಡ ಪರದೆಯ ಮೇಲೆ ಆ ಮುಖ ಬಂದದ್ದೇ ನಗು ಇಮ್ಮಡಿಯಾಯಿತು. ಚೇತನ ಓಡಿಬಂದು ಅವನನ್ನು ಮುಂದಿನ ಸಾಲಿನ ನಡುವೆ ಕೂರಿಸಿದ.

“ಸರ್, ದಯವಿಟ್ಟು ನಗಬೇಡಿ. ಮಂತ್ರಿ ಪಾತ್ರ ಆಶ್ವಾಸನೆ ಕೊಟ್ಟಾಗೆಲ್ಲ ಕ್ಯಾಮೆರಾ ನಿಮ್ಮ ಮೇಲೆ. ನೀವೇ ಇವತ್ತಿನ ಮತದಾರ.”

“ನಾ ನಗಾಕ ಬಂದೀನ್ರೀ! ಖರೇ ಹೇಳತೀನಿ, ನನ್ನ ಲಗ್ನದ ಪ್ರಶ್ನೆ ಐತಿ.”

“ಲಗ್ನ ಆಮೇಲೆ ಸರ್. ರೋಲಿಂಗ್!”

“ರಸ್ತೆಯ ಪ್ರತಿ ಗುಂಡಿಗೂ ಹೆಸರಿಡುತ್ತೇವೆ!” ಎಂದ ಮಂತ್ರಿ ಪಾತ್ರದ ನಟ. “ಬಿದ್ದವರು ಯಾವ ಗುಂಡಿಯಲ್ಲಿ ಬಿದ್ದೆವೆಂದು ಹೆಮ್ಮೆಯಿಂದ ಹೇಳಿಕೊಳ್ಳಬಹುದು!”

ಪರದೆಯ ಮೇಲೆ ಪಾಯಪ್ಪ. ಜನ ಹೊಯ್ಯೆಂದರು. ಮೂರನೆಯ ಸಲ ಅವನೂ ತಲೆಯೆತ್ತಿ ನೋಡಿದ. ಎರಡಾಳೆತ್ತರದ ಮುಖ, ಬೀಗ ಹಾಕಿದ ಮೇಲೆ ಕೀಲಿ ಒಳಗೇ ಉಳಿಯಿತೆಂದು ತಿಳಿದವನ ಮುಖ. ಇದನ್ನು ಹೊತ್ತುಕೊಂಡೇ ನಾನು ಹೆಣ್ಣು ನೋಡಲು ಹೋಗಿದ್ದೆನೆ? ಪಾಯಪ್ಪ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಕಟ್! ಏನ್ ಸರ್ ಇದು!” ಚೇತನ ಅವನ ತೋಳು ಹಿಡಿದು ಹೊರಗೆ ನಡೆಸಿದ. “ನಗು ಮುಗಿಸ್ಕೊಂಡು ಬನ್ನಿ.”

“ನಾ ನಕ್ಕದ್ದು... ಹಹ್ಹಾ... ಟೀವ್ಯಾಗ ಬರತೈತೇನ್ರಿ?”

“ಅದನ್ನ ತೆಗೆದುಹಾಕ್ತೀವಿ ಸರ್.”

ಹೊರಗೆ ಗೋಡೆ ಹಿಡಿದುಕೊಂಡು ನಗುತ್ತಿದ್ದಾಗ ಫೋನು ಬಂತು.

“ನಾ ವಡಗಾವಿ ಸನ್ಮತಿ ಮಾತಾಡೂದು. ತಪ್ಪಾತ್ರಿ ನಮ್ಮದು. ನಿಮ್ಮನ್ನ ಬಿಟ್ಟು ಒಬ್ಬ ನಗೂ ಹುಡುಗನ್ನ ಕರಿಸಿದ್ವಿ. ನಿನ್ನಿ ಬಂದಾವ, ನಮ್ಮವ್ವ ಅಂಗಳದಾಗ ಜಾರಿ ಬಿದ್ರ ಅದಕ್ಕೂ ನಕ್ಕ! ಶರ್ವರಿ ಅಂದ್ಲು, ಆ ಗಂಭೀರ ಮನಷ್ಯಾನ ಇರಲಿ ಅಂತ. ನಿಮಗ ಒಪ್ಪಿಗಿ ಐತೇನ್ರಿ?”

ಪಾಯಪ್ಪ ಹೌದೆನ್ನಲು ಬಾಯಿ ತೆರೆದ. ಹದಿನಾಲ್ಕು ವರ್ಷ ಒಳಗೇ ಕೂತಿದ್ದ ನಗು ಮಾತಿಗಿಂತ ಮೊದಲು ಹೊರಬಿತ್ತು.

“ಮಗಳ ಬಾಳೇವದ ಮಾತು ಆಡಾಕತ್ತೀನಿ, ನಗ್ತೀರಿ?”

“ಇಲ್ರೀ... ಹಹ್ಹಾ... ಒಪ್ಪಿಗಿ... ಹಹ್ಹಹ್ಹಾ...”

“ನಮ್ಮವ್ವ ಬಿದ್ದದ್ದು ನಿಮಗೂ ಚಾಷ್ಟಿ ಆತು, ಹೌದಲ್ಲೋ?”

ಫೋನು ಕಟ್ಟಾಯಿತು. ನಗುವೂ ಅಲ್ಲಿಗೇ ನಿಂತಿತು. ಪಾಯಪ್ಪ ತಿರುಗಿ ಮೂರು ಸಲ ಹಚ್ಚಿದ. ಯಾರೂ ಎತ್ತಲಿಲ್ಲ.

ಬಾಗಿಲು ತೆರೆದ ಚೇತನ ಅವನ ಮುಖ ನೋಡಿ ಕುಣಿದಾಡಿಬಿಟ್ಟ. “ಆಹಾ, ಮೊದಲಿಗಿಂತ ಚೆನ್ನಾಗಿದೆ! ಬನ್ನಿ ಸರ್, ಬೇಗ!”

ಅದೇ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದ. ಏನೋ ಕೊರತೆ ಕಂಡಿತು. ಎಡಬಲದಲ್ಲಿ ಕೂತವರನ್ನೆಲ್ಲ ಎಬ್ಬಿಸಿ ಹಿಂದಿನ ಸಾಲಿಗೆ ಕಳಿಸಿದ.

“ಈಗ ಸರಿಹೋಯ್ತು,” ಎಂದು ಪಾಯಪ್ಪನ ಕಾಲರ್ ಸರಿಪಡಿಸಿದ. “ಒಬ್ಬರೇ ಇದ್ರೇನೆ ನೀವು ಚೆನ್ನಾಗಿ ಕಾಣ್ತೀರಾ ಸರ್.”